ನಿಮ್ಮ ಬೀದಿಯ ಭೂ ಬಳಕೆ ಬದಲಾಗುತ್ತಿದೆಯೇ? ಆಕ್ಷೇಪಣೆ ಸಲ್ಲಿಸುವುದು ಹೀಗೆ

ಮೈಸೂರಿನ ಕುವೆಂಪುನಗರದಲ್ಲೋ ವಿಜಯನಗರದಲ್ಲೋ ಒಂದು ಮನೆ ಕೆಡವಿ, ಆ ಜಾಗದಲ್ಲಿ ನಾಲ್ಕು ಅಂತಸ್ತಿನ ವಾಣಿಜ್ಯ ಕಟ್ಟಡ ಕಟ್ಟುತ್ತಾರೆ ಅಂದುಕೊಳ್ಳಿ. ಕಟ್ಟಡ ಏಳುವಾಗ ಯಾರೂ ಜಾಸ್ತಿ ಮಾತಾಡುವುದಿಲ್ಲ. ಅಂಗಡಿಗಳು ತೆರೆದು, ಬೀದಿಯ ಎರಡೂ ಬದಿ ಕಾರು ನಿಂತು, ಶಾಲೆಯ ವ್ಯಾನ್ ತಿರುಗಿಸಲು ಜಾಗ ಇಲ್ಲದಾದಾಗ ಜಗಳ ಶುರುವಾಗುತ್ತದೆ. ಜನ ಟ್ರಾಫಿಕ್ ಪೊಲೀಸರಿಗೆ ಫೋನ್ ಮಾಡುತ್ತಾರೆ. ಪೊಲೀಸರು ಬಂದು ಗಾಡಿ ಎತ್ತಿಸುತ್ತಾರೆ, ಮರುದಿನ ಮತ್ತೆ ಅದೇ ಕಥೆ.

ಈ ದಟ್ಟಣೆಗೆ ಒಪ್ಪಿಗೆ ಸಿಕ್ಕಿದ್ದು ಬಹಳ ಹಿಂದೆ, ಮೈಸೂರು ಅಭಿವೃದ್ಧಿ ಪ್ರಾಧಿಕಾರದ ಸಭೆಯಲ್ಲಿ, ‘ಭೂ ಬಳಕೆ ಬದಲಾವಣೆ’, ಅಂದರೆ ಮನೆಗೆ ಮೀಸಲಾದ ಜಾಗವನ್ನು ಅಂಗಡಿಯಂಥ ಬೇರೆ ಬಳಕೆಗೆ ಬದಲಿಸುವ ವಿಷಯ ಬಂದ ದಿನ. ಅದಕ್ಕೂ ಮೊದಲು ಮಾತಾಡಲು ಕಾನೂನು ನಿಮಗೆ ಕನಿಷ್ಠ 15 ದಿನ ಕೊಟ್ಟಿತ್ತು. ಆ ದಿನಗಳನ್ನು ಹೇಗೆ ಬಳಸಿಕೊಳ್ಳಬೇಕು, ನೋಡೋಣ.

ಮೊದಲು, ಯಾರನ್ನು ಕೇಳಬೇಕು?

ಒಂದೇ ರಸ್ತೆಯ ಬಗ್ಗೆ ಮೈಸೂರಿನಲ್ಲಿ ಹಲವು ಕಡೆ ತೀರ್ಮಾನ ಆಗುತ್ತದೆ. ತಪ್ಪು ಕಚೇರಿಗೆ ಕೊಟ್ಟ ಅರ್ಜಿ ಅಲ್ಲಿಂದಿಲ್ಲಿಗೆ ಓಡಾಡುವಷ್ಟರಲ್ಲಿ ಗಡುವು ಮುಗಿದಿರುತ್ತದೆ.

ಯಾವ ಜಾಗದಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಪಾರ್ಕ್ ಅನ್ನುವುದನ್ನು ನೋಡಿಕೊಳ್ಳುವುದು ಯೋಜನಾ ಪ್ರಾಧಿಕಾರ. 1903ರಲ್ಲಿ ಸಿಐಟಿಬಿ (ನಗರ ಸುಧಾರಣಾ ಟ್ರಸ್ಟ್ ಮಂಡಳಿ) ಆಗಿ ಹುಟ್ಟಿ, 1988ರಲ್ಲಿ ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಆಗಿ, 2025ರಲ್ಲಿ ಮೈಸೂರು ಅಭಿವೃದ್ಧಿ ಪ್ರಾಧಿಕಾರವಾದ ಸಂಸ್ಥೆ ಇದೇ. ಫುಟ್‌ಪಾತ್, ವಾರ್ಡಿನ ರಸ್ತೆ, ಅಂಗಡಿ ಪರವಾನಗಿ ಇವೆಲ್ಲ ಮಹಾನಗರ ಪಾಲಿಕೆಯ ಕೆಲಸ. ಪಾಲಿಕೆಯ ನಾಲ್ಕು ಸ್ಥಾಯಿ ಸಮಿತಿಗಳಲ್ಲಿ ಒಂದು ನಗರ ಯೋಜನೆಗೇ ಮೀಸಲು. ಚುನಾಯಿತ ಕೌನ್ಸಿಲ್‌ನ ಅವಧಿ 2023ರ ನವೆಂಬರ್‌ನಲ್ಲಿ ಮುಗಿಯಿತು. ಕೌನ್ಸಿಲ್ ಇಲ್ಲದಾಗ ಅದರ ಅಧಿಕಾರ ಆಡಳಿತಾಧಿಕಾರಿಯ ಕೈಯಲ್ಲಿ ಇರುತ್ತದೆ. ಹಾಗಾಗಿ ಪಾಲಿಕೆಗೆ ಬರೆಯುವ ಅರ್ಜಿಯ ಒಂದು ಪ್ರತಿ ಅವರಿಗೂ ಹೋಗಲಿ. ಏಕಮುಖ ಸಂಚಾರ, ಪಾರ್ಕಿಂಗ್ ನಿಷೇಧದ ಆದೇಶ ನಗರ ಪೊಲೀಸ್ ಆಯುಕ್ತರದು. ಸಿಟಿ ಬಸ್ಸಿನ ಮಾರ್ಗ ಕೆಎಸ್‌ಆರ್‌ಟಿಸಿಯದು.

ಇನ್ನೊಂದು ವಿಷಯದಲ್ಲಿ ಜನ ತುಂಬ ಗೊಂದಲ ಮಾಡಿಕೊಳ್ಳುತ್ತಾರೆ. ಹೊಲವನ್ನು ಬೇಸಾಯೇತರ ಕೆಲಸಕ್ಕೆ ಬಳಸಲು ಜಿಲ್ಲಾಧಿಕಾರಿ ಕೊಡುವ ಅನ್ಯಕ್ರಾಂತದ ಆದೇಶ 1964ರ ಭೂ ಕಂದಾಯ ಕಾಯ್ದೆಯಡಿ ಬರುತ್ತದೆ. ಮಾಸ್ಟರ್ ಪ್ಲಾನ್‌ನಲ್ಲಿ (ಯಾವ ಜಾಗ ಯಾವ ಬಳಕೆಗೆ ಅಂತ ಗುರುತಿಸುವ ಊರಿನ ಯೋಜನೆ) ‘ವಸತಿ’ ಅಂತ ಇರುವುದನ್ನು ‘ವಾಣಿಜ್ಯ’ ಮಾಡುವುದು 1961ರ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆಯಡಿ. ಅನ್ಯಕ್ರಾಂತ ಆಗಿದೆ ಅಂದ ಮಾತ್ರಕ್ಕೆ ಅಲ್ಲಿ ಏನು ಬೇಕಾದರೂ ಕಟ್ಟಬಹುದು ಅಂತಲ್ಲ.

ಪ್ರಕಟಣೆ ಹಿಡಿಯುವುದು

1961ರ ಕಾಯ್ದೆಯ 14ಎ ಕಲಂ ಪ್ರಕಾರ ಭೂ ಬಳಕೆ ಬದಲಾವಣೆ ಸಾರ್ವಜನಿಕ ಹಿತಕ್ಕೆ ಇರಬೇಕು. ಪ್ರಸ್ತಾವವನ್ನು ಆ ಭಾಗದಲ್ಲಿ ಓದುವ ದಿನಪತ್ರಿಕೆಯಲ್ಲಿ ಪ್ರಕಟಿಸಬೇಕು. ಆಕ್ಷೇಪಣೆಗೆ 15 ದಿನಕ್ಕೆ ಕಡಿಮೆ ಇಲ್ಲದಷ್ಟು ಸಮಯ ಕೊಡಬೇಕು. ಸರ್ಕಾರದ ಅನುಮತಿಯೂ ಬೇಕು.

ಈ ಪ್ರಕಟಣೆ ಸಾಮಾನ್ಯವಾಗಿ ಚಿಕ್ಕದು, ಟೆಂಡರ್ ಜಾಹೀರಾತುಗಳ ನಡುವೆ ಕಣ್ಣಿಗೆ ಬೀಳುವುದಿಲ್ಲ. ಒಬ್ಬರೇ ಎಲ್ಲ ಪತ್ರಿಕೆ ನೋಡುವುದು ಕಷ್ಟ. ಬೀದಿಯ ನಾಲ್ಕು ಮನೆಯವರು ಪತ್ರಿಕೆಗಳನ್ನು ಹಂಚಿಕೊಳ್ಳಿ. ಒಬ್ಬರು ಒಂದು ಪತ್ರಿಕೆಯ ಜಾಹೀರಾತು ಪುಟ ನೋಡಿದರೆ ಸಾಕು. ಸಿಕ್ಕಿದ್ದನ್ನು ಫೋಟೊ ತೆಗೆದು ಬಡಾವಣೆಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ. ತಾರೀಖು ಕಾಣುವಂತೆ ಫೋಟೊ ಇರಲಿ, ಏಕೆಂದರೆ 15 ದಿನದ ಲೆಕ್ಕ ಆ ತಾರೀಖಿನಿಂದ.

ಪ್ರಕಟಣೆಯಲ್ಲಿ ಬಡಾವಣೆಯ ಹೆಸರಿನ ಬದಲು ‘ಕಸಬಾ ಹೋಬಳಿ, ಇಂಥ ಗ್ರಾಮ, ಇಂಥ ಸರ್ವೆ ನಂಬರ್’ ಅಂತ ಇರಬಹುದು. ನಮ್ಮ ಎಷ್ಟೋ ಬಡಾವಣೆಗಳು ದಟ್ಟಗಳ್ಳಿ, ಹಿನಕಲ್, ಬೋಗಾದಿಯಂಥ ಹಳ್ಳಿಗಳ ಹೊಲದ ಮೇಲೇ ಎದ್ದಿವೆ. ಹಾಗಾಗಿ ನಿಮ್ಮ ಬೀದಿಯ ಸರ್ವೆ ನಂಬರ್ ಈಗಲೇ ತಿಳಿದಿಟ್ಟುಕೊಳ್ಳಿ. ಕಂದಾಯ ಇಲಾಖೆಯ ‘ದಿಶಾಂಕ್’ ಆ್ಯಪ್ ತೆರೆದು ಜಾಗದಲ್ಲಿ ನಿಂತರೆ ನಂಬರ್ ತೋರಿಸುತ್ತದೆ. ಕ್ರಯಪತ್ರದಲ್ಲೂ ಸಿಗಬಹುದು.

ನಕ್ಷೆ ನೋಡುವುದು

ಈಗ ಜಾರಿಯಲ್ಲಿರುವುದು ಮೈಸೂರು–ನಂಜನಗೂಡು ಸ್ಥಳೀಯ ಯೋಜನಾ ಪ್ರದೇಶದ ಮಾಸ್ಟರ್ ಪ್ಲಾನ್ 2031. ನಕ್ಷೆಯಲ್ಲಿ ಹಳದಿ ಅಂದರೆ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಶಾಲೆ ಆಸ್ಪತ್ರೆಯಂಥ ಸಾರ್ವಜನಿಕ ಬಳಕೆ, ಹಸಿರು ಪಾರ್ಕ್. ನಕ್ಷೆಯ ಜೊತೆಗಿರುವ ವಲಯ ನಿಯಮಾವಳಿಯನ್ನೂ ತಪ್ಪದೆ ಓದಿ. ಎಷ್ಟು ಅಗಲದ ರಸ್ತೆಯಲ್ಲಿ ಯಾವ ಬಳಕೆಗೆ ಅವಕಾಶ, ಎಷ್ಟು ಪಾರ್ಕಿಂಗ್ ಬಿಡಬೇಕು ಅನ್ನುವುದು ಅಲ್ಲಿದೆ. ನಿಮ್ಮ ಆಕ್ಷೇಪಣೆಗೆ ಬಲ ಬರುವುದು ಅಲ್ಲಿಂದಲೇ.

ಟೇಪು ಹಿಡಿದು ಬೀದಿಗೆ ಇಳಿಯಿರಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ. ‘ನಮಗೆ ತೊಂದರೆ ಆಗುತ್ತದೆ, ದಯವಿಟ್ಟು ಅನುಮತಿ ಕೊಡಬೇಡಿ’ ಅಂತ ನೂರು ಜನ ಸಹಿ ಹಾಕಿದ ಪತ್ರಕ್ಕಿಂತ, ರಸ್ತೆ ಎಷ್ಟು ಅಡಿ ಇದೆ ಅಂತ ಅಳೆದು ಬರೆದ ಒಂದು ಪುಟ ಹೆಚ್ಚು ಕೆಲಸ ಮಾಡುತ್ತದೆ. ಕಾರಣ ಇದೆ. ಜಾಗದ ಬಳಕೆ ಒಂದು ಕಡತದಲ್ಲಿ, ಸಂಚಾರ ಇನ್ನೊಂದು ಕಚೇರಿಯ ಕಡತದಲ್ಲಿ ಇರುತ್ತದೆ. ಎರಡನ್ನೂ ಒಟ್ಟಿಗೆ ನೋಡಬೇಕಾದ ಸಭೆಯ ಮುಂದೆ ಬೀದಿಯ ಸ್ಥಿತಿ ಬರುವುದೇ ಇಲ್ಲ. ಅದನ್ನು ಅಲ್ಲಿ ಇಡಬಲ್ಲವರು ಆ ಬೀದಿಯಲ್ಲಿ ದಿನಾ ಓಡಾಡುವವರು.

ಭಾನುವಾರ ಬೆಳಿಗ್ಗೆ ಇಬ್ಬರು ಮೂವರು ಸೇರಿ ಹೊರಡಿ. ಒಂದು ಕಾಂಪೌಂಡಿನಿಂದ ಎದುರಿನ ಕಾಂಪೌಂಡಿಗೆ ಎಷ್ಟು ಅಗಲ ಅಂತ ಅಳೆಯಿರಿ. ಡಾಂಬರು ಎಷ್ಟು ಅಗಲ ಅನ್ನುವುದನ್ನು ಬೇರೆಯಾಗಿ ಬರೆದುಕೊಳ್ಳಿ. ದಾಖಲೆಯಲ್ಲಿ 40 ಅಡಿ ಅಂತಿರುವ ರಸ್ತೆಯಲ್ಲಿ ಚರಂಡಿ, ಟ್ರಾನ್ಸ್‌ಫಾರ್ಮರ್, ಮನೆ ಮುಂದಿನ ಮೆಟ್ಟಿಲು ಕಳೆದರೆ ಗಾಡಿ ಓಡಿಸಲು ಉಳಿಯುವುದು ಎಷ್ಟೋ ಕಡಿಮೆ. ಮೂಲೆಯಲ್ಲಿ ಅಗ್ನಿಶಾಮಕ ವಾಹನ ತಿರುಗಬಹುದೇ ನೋಡಿ. ವಾರದ ದಿನವೂ ಒಮ್ಮೆ ಹೋಗಿ: ಬೆಳಿಗ್ಗೆ ಶಾಲೆಯ ಹೊತ್ತು, ಮಧ್ಯಾಹ್ನ, ಸಂಜೆ ಏಳರ ಸುಮಾರು. ನಿಂತ ಕಾರೆಷ್ಟು, ಬೈಕೆಷ್ಟು ಎಣಿಸಿ. ಹತ್ತಿರದ ಬಸ್ ಸ್ಟಾಪಿಗೆ ನಡೆದು ಎಷ್ಟು ದೂರ, ನಡುವೆ ಫುಟ್‌ಪಾತ್ ಇದೆಯೇ ಬರೆದುಕೊಳ್ಳಿ. ಬಸ್ಸಿನಲ್ಲಿ ಬರಲಾಗದ ಜಾಗಕ್ಕೆ ಗಿರಾಕಿಗಳು ಗಾಡಿಯಲ್ಲೇ ಬರುತ್ತಾರೆ, ಅಲ್ವಾ? ಮಳೆಗಾಲದಲ್ಲಿ ನೀರು ನಿಲ್ಲುವ ಕಡೆ ಗುರುತಿಸಿ. ಪ್ರತಿ ಅಂಶಕ್ಕೂ ಒಂದು ಫೋಟೊ ಇರಲಿ.

ಅಳತೆ ಮಾಡುವಾಗ ಪ್ರಾಮಾಣಿಕವಾಗಿರಿ. ಹಬ್ಬದ ದಿನದ ದಟ್ಟಣೆಯನ್ನು ದಿನನಿತ್ಯದ್ದು ಅಂತ ಬರೆದರೆ ಅಧಿಕಾರಿಗಳು ಸ್ಥಳ ತನಿಖೆಗೆ ಬಂದ ದಿನ ನಿಮ್ಮ ಮಾತಿಗೆ ಬೆಲೆ ಉಳಿಯುವುದಿಲ್ಲ. ಅಳೆದು ನೋಡಿದಾಗ ರಸ್ತೆ ನಿಜವಾಗಿಯೂ ಅಗಲವಾಗಿದ್ದು, ಬಸ್ಸೂ ಹತ್ತಿರದಲ್ಲಿದ್ದರೆ ಆಕ್ಷೇಪಣೆಯ ಬದಲು ಸಲಹೆ ಬರೆಯಿರಿ: ಪಾರ್ಕಿಂಗ್ ನೆಲಮಾಳಿಗೆಯಲ್ಲೇ ಇರಲಿ, ಒಳಹೋಗುವ ದಾರಿ ಮುಖ್ಯರಸ್ತೆಯ ಕಡೆಯಿಂದ ಇರಲಿ. ಊರಿಗೆ ಅಂಗಡಿಯೂ ಬೇಕು. ಎಲ್ಲಿ ಬೇಕು ಅನ್ನುವುದಷ್ಟೇ ಪ್ರಶ್ನೆ.

ಪತ್ರ ಹೀಗಿರಲಿ

ಇವರಿಗೆ: ಆಯುಕ್ತರು, ಮೈಸೂರು ಅಭಿವೃದ್ಧಿ ಪ್ರಾಧಿಕಾರ, ಝಾನ್ಸಿ ಲಕ್ಷ್ಮೀಬಾಯಿ ರಸ್ತೆ, ಮೈಸೂರು.
ವಿಷಯ: ........ ಗ್ರಾಮದ ಸರ್ವೆ ನಂಬರ್ ......ರ ಜಾಗವನ್ನು ವಸತಿಯಿಂದ ವಾಣಿಜ್ಯಕ್ಕೆ ಬದಲಿಸುವ ಪ್ರಸ್ತಾವಕ್ಕೆ ಆಕ್ಷೇಪಣೆ.
ಉಲ್ಲೇಖ: ದಿನಾಂಕ ......ರ ........ ಪತ್ರಿಕೆಯ ಪ್ರಕಟಣೆ.

ಮಾನ್ಯರೇ, ಈ ಜಾಗದ ಮುಂದಿನ ರಸ್ತೆಯ ಅಗಲ ನಾವು ಅಳೆದಂತೆ ...... ಅಡಿ ಇದೆ. ವಲಯ ನಿಯಮಾವಳಿಯಂತೆ ಈ ಬಳಕೆಗೆ ...... ಅಡಿ ಬೇಕು. ದಿನಾಂಕ ......ರಂದು ಸಂಜೆ 7ಕ್ಕೆ ಇಲ್ಲಿ ...... ಕಾರುಗಳು ರಸ್ತೆಯಲ್ಲೇ ನಿಂತಿದ್ದವು (ಫೋಟೊ 1, 2). ...... ಮೀಟರ್ ದೂರದಲ್ಲಿ ಪ್ರಾಥಮಿಕ ಶಾಲೆ ಇದೆ. ತೀರ್ಮಾನಕ್ಕೆ ಮೊದಲು ಸ್ಥಳ ತನಿಖೆ ಮಾಡಬೇಕು, ಸಂಚಾರ ಪೊಲೀಸರ ಅಭಿಪ್ರಾಯ ಪಡೆಯಬೇಕು, ನಮ್ಮ ಮಾತು ಕೇಳಬೇಕು ಎಂದು ಕೋರುತ್ತೇವೆ. ನಮ್ಮ ಆಕ್ಷೇಪಣೆಯನ್ನು ಸಭೆಯ ಟಿಪ್ಪಣಿಯಲ್ಲಿ ಸೇರಿಸಿ, ಕೈಗೊಂಡ ತೀರ್ಮಾನವನ್ನು ಕಾರಣಸಹಿತ ತಿಳಿಸಬೇಕು.

ಇಷ್ಟು ಸಾಕು. ಜಾಗದ ಮಾಲೀಕರ ಜಾತಿ, ಪಕ್ಷ, ದುಡ್ಡಿನ ಮಾತು ಪತ್ರದಲ್ಲಿ ಬೇಡವೇ ಬೇಡ. ಬೇರೆ ಬೇರೆ ಮನೆಯವರು ತಮ್ಮ ತಮ್ಮ ತೊಂದರೆ ಬರೆದು ಪ್ರತ್ಯೇಕ ಪತ್ರ ಕೊಟ್ಟರೆ ಇನ್ನೂ ಒಳ್ಳೆಯದು.

ಎರಡು ಪ್ರತಿ ತೆಗೆದುಕೊಂಡು ಟಪಾಲು ವಿಭಾಗಕ್ಕೆ ನೀವೇ ಹೋಗಿ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ನಂಬರ್ ಬೀಳುವವರೆಗೆ ಅಲ್ಲಿಂದ ಕದಲಬೇಡಿ. ಹೋಗಲು ಆಗದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನ ಮಾಡಿ. ಒಂದು ಪ್ರತಿ ನಗರ ಯೋಜಕ ಸದಸ್ಯರಿಗೆ, ಇನ್ನೊಂದು ನಿಮ್ಮ ಶಾಸಕರಿಗೆ ಕಳಿಸಿ. ಶಾಸಕರೂ ಪ್ರಾಧಿಕಾರದ ಸಭೆಯಲ್ಲಿ ಕೂರುತ್ತಾರೆ.

ಸಭೆ ಮುಗಿದ ಮೇಲೆ

ಸುಮ್ನೆ ಕಾಯಬೇಡಿ. ತಿಂಗಳಾದರೂ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಕೇಳಬೇಕಾದದ್ದು: ಆ ಸರ್ವೆ ನಂಬರಿನ ಕಡತದ ಟಿಪ್ಪಣಿ ಹಾಳೆ, ಬಂದ ಆಕ್ಷೇಪಣೆಗಳ ಪಟ್ಟಿ, ಸ್ಥಳ ತನಿಖೆ ವರದಿ, ಸಭೆಯ ನಡಾವಳಿಯ ನಕಲು. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಅದೇ ಕಚೇರಿಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೆ ಮಾಹಿತಿ ಆಯೋಗ.

ನಡಾವಳಿಯಲ್ಲಿ ನಿಮ್ಮ ಆಕ್ಷೇಪಣೆಯ ಹೆಸರೇ ಇಲ್ಲದಿದ್ದರೆ, ಸರ್ಕಾರದ ಅನುಮತಿ ಸಿಗುವ ಮೊದಲೇ ನಗರಾಭಿವೃದ್ಧಿ ಇಲಾಖೆಗೆ ಬರೆಯಿರಿ. ಸೀಲು ಬಿದ್ದ ಪ್ರತಿ ಆಗ ಕೆಲಸಕ್ಕೆ ಬರುತ್ತದೆ. ಅದೂ ಆಗದಿದ್ದರೆ ಹೈಕೋರ್ಟ್ ಇದೆ. ನಿವಾಸಿಗಳಿಗೆ ಆ ಹಕ್ಕಿಲ್ಲ ಅಂತ ಯಾರಾದರೂ ಹೆದರಿಸಿದರೆ 1991ರ ಸುಪ್ರೀಂ ಕೋರ್ಟ್ ತೀರ್ಪು ನೆನಪಿಸಿ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. ಜಾಗ ಪಾರ್ಕಾಗಿಯೇ ಉಳಿಯಿತು. ಅಂಥ ತೀರ್ಮಾನವನ್ನು ಪ್ರಶ್ನಿಸಲು ನಿವಾಸಿಗಳಿಗೆ ಹಕ್ಕಿದೆ ಎಂದು ಕೋರ್ಟ್ ಸ್ಪಷ್ಟವಾಗಿ ಹೇಳಿತು.

ರಸ್ತೆ ಅಗಲೀಕರಣಕ್ಕೆ ಮರ ಕಡಿಯುವುದಾದರೆ ದಾರಿ ಬೇರೆ. 1976ರ ಮರಗಳ ಸಂರಕ್ಷಣಾ ಕಾಯ್ದೆಯಡಿ 50ಕ್ಕಿಂತ ಹೆಚ್ಚು ಮರಗಳಿದ್ದರೆ ಸಾರ್ವಜನಿಕ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಬೇಕು. ಅದಕ್ಕಿಂತ ಕಡಿಮೆ ಇದ್ದರೆ ಪ್ರಕಟಣೆಗೆ ಕಾಯಬಾರದು. 2025ರ ಏಪ್ರಿಲ್‌ನಲ್ಲಿ ಹೈದರಾಲಿ ರಸ್ತೆಯ ದೊಡ್ಡ ಮರಗಳು ಉರುಳಿದ ಮೇಲೆ ಊರು ಪಟ್ಟ ಸಂಕಟ ಇನ್ನೂ ಆರಿಲ್ಲ. ಅಗಲೀಕರಣದ ಸುದ್ದಿ ಕಿವಿಗೆ ಬಿದ್ದ ದಿನವೇ ಮರಗಳನ್ನು ಎಣಿಸಿ, ಫೋಟೊ ಸಹಿತ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಗೆ ಬರೆದುಕೊಡಿ.

ಹೊಸ ಮಾಸ್ಟರ್ ಪ್ಲಾನ್ ಬಂದಾಗ

ಹತ್ತು ವರ್ಷಕ್ಕೊಮ್ಮೆಯಾದರೂ ಮಾಸ್ಟರ್ ಪ್ಲಾನ್ ಪರಿಷ್ಕರಿಸಬೇಕು ಅನ್ನುತ್ತದೆ ಕಾಯ್ದೆ. ಕರಡು ಪ್ರಕಟವಾದ ಮೇಲೆ ಜನರ ಅಭಿಪ್ರಾಯಕ್ಕೆ 60 ದಿನ ಇರುತ್ತದೆ. ಒಂದೊಂದು ಸರ್ವೆ ನಂಬರಿಗೂ ಓಡಾಡುವ ಬದಲು ಇಡೀ ಬಡಾವಣೆಯ ಬಗ್ಗೆ ಒಮ್ಮೆಗೇ ಮಾತಾಡಲು ಸಿಗುವ ಅವಕಾಶ ಅದು. ಆಗ ನಿಮ್ಮ ಬಡಾವಣೆಯ ನಕ್ಷೆಯಲ್ಲಿ ಮೂರು ವಿಷಯ ಹುಡುಕಿ. ಈಗಿರುವ ಪಾರ್ಕುಗಳು ಹಸಿರಾಗಿಯೇ ಉಳಿದಿವೆಯೇ? ನಿಮ್ಮ ರಸ್ತೆಯನ್ನು ಅಗಲೀಕರಣಕ್ಕೆ ಗುರುತಿಸಿದ್ದಾರೆಯೇ? ಹೊಸದಾಗಿ ನೀಲಿ ಬಳಿದ ರಸ್ತೆಗಳಲ್ಲಿ ಬಸ್ ಓಡುತ್ತದೆಯೇ? ನೀವು ಅಳೆದು ಬರೆದಿಟ್ಟ ಹಾಳೆಗಳನ್ನು ಎಸೆಯಬೇಡಿ. ಅವನ್ನೇ ಅಭಿಪ್ರಾಯದ ಪತ್ರದ ಜೊತೆ ಲಗತ್ತಿಸಬಹುದು.