ಗೊಮ್ಮಟನ ಹತ್ತಿರ ಓಡುವ ಮೊದಲು ಅಖಂಡ ಬಾಗಿಲಲ್ಲಿ ನಿಲ್ಲಿ

ಶ್ರವಣಬೆಳಗೊಳಕ್ಕೆ ಹೋದ ಎಷ್ಟೋ ಜನ ಬೆಟ್ಟ ಹತ್ತುವ ದಾರಿಯಲ್ಲಿ ಸಿಗುವ ಅಖಂಡ ಬಾಗಿಲನ್ನು ದಾಟುತ್ತಾರೆ ಅಷ್ಟೇ, ನೋಡುವುದಿಲ್ಲ. ಏದುಸಿರು ಬಿಡುತ್ತಾ ಹತ್ತಿರುತ್ತಾರೆ, ಕಣ್ಣೆಲ್ಲಾ ಮೇಲಿರುವ ಗೊಮ್ಮಟನ ಮೇಲೆ. ತಪ್ಪೇನಿಲ್ಲ ಬಿಡಿ. ಆದರೆ ಇಲ್ಲಿ ಹತ್ತು ನಿಮಿಷ ಕೊಡಿ.

ಹಾಸನದಿಂದ ಸುಮಾರು 50 ಕಿ.ಮೀ. ಬೆಂಗಳೂರು ಕಡೆ ಬಸ್ಸು ಹತ್ತಿ ಚನ್ನರಾಯಪಟ್ಟಣದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಿರಿ. ರೈಲೂ ಇದೆ.

ಬೆಳಗ್ಗೆ ಬೇಗ ಹೋಗಿ. ಚಪ್ಪಲಿ ಕೆಳಗೇ ಬಿಡಬೇಕು, ಆರುನೂರಕ್ಕೂ ಜಾಸ್ತಿ ಮೆಟ್ಟಿಲು, ಎಲ್ಲಾ ಬಂಡೆಯಲ್ಲೇ ಕಡಿದಿರುವುದು, ಬಿಸಿಲೇರಿದರೆ ಅಂಗಾಲು ಚುರ್ ಅನ್ನುತ್ತೆ. ಸಾಕ್ಸ್ ಇಟ್ಟುಕೊಳ್ಳಿ. ಅಜ್ಜ ಅಜ್ಜಿ ಜೊತೆಗಿದ್ದರೆ ಡೋಲಿ ಸಿಗುತ್ತದಾ ಅಂತ ಕೆಳಗೇ ವಿಚಾರಿಸಿ.

ಒದೆಗಲ್ ಬಸದಿ, ತ್ಯಾಗದ ಕಂಬ ನೋಡಿಕೊಂಡು ಮುಂದೆ ಬಂದರೆ ಬಾಗಿಲು ಸಿಗುತ್ತದೆ. ಕಲ್ಲು ಜೋಡಿಸಿ ಕಟ್ಟಿದ್ದಲ್ಲ ಇದು. ಬೆಟ್ಟದ ಒಂದೇ ಬಂಡೆಯನ್ನು ಕೊರೆದು ಮಾಡಿದ್ದು, ಅದಕ್ಕೇ ಅಖಂಡ. ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯನೇ ಇದನ್ನೂ ಮಾಡಿಸಿದ ಅನ್ನುತ್ತಾರೆ. ಒಳಗೆ ಹೋಗುವ ಮುಂಚೆ ಒಂದು ಪಕ್ಕಕ್ಕೆ ಸರಿದು, ಜನಕ್ಕೆ ದಾರಿ ಬಿಟ್ಟು, ತಲೆ ಎತ್ತಿ. ತಾವರೆಯ ಮೇಲೆ ಲಕ್ಷ್ಮಿ ಕೂತಿದ್ದಾಳೆ, ಎರಡೂ ಕಡೆಯಿಂದ ಆನೆಗಳು ಸೊಂಡಿಲೆತ್ತಿ ಅವಳ ತಲೆಗೆ ನೀರು ಹುಯ್ಯುತ್ತಿವೆ. ನಮ್ಮೂರಿನ ಹಳೇ ಮನೆಗಳ ಬಾಗಿಲವಾಡದ ಮೇಲೂ ಇದೇ ಗಜಲಕ್ಷ್ಮಿ ಇರುತ್ತಾಳೆ, ಅಲ್ವಾ?

ಆಮೇಲೆ ಅಕ್ಕಪಕ್ಕದ ಎರಡು ಪುಟ್ಟ ಗುಡಿಗಳು. ಇವನ್ನು ಮಾತ್ರ ಬಿಡಬೇಡಿ. ಒಂದರಲ್ಲಿ ಬಾಹುಬಲಿ, ಇನ್ನೊಂದರಲ್ಲಿ ಅಣ್ಣ ಭರತ. 12ನೇ ಶತಮಾನದಲ್ಲಿ ಭರತೇಶ್ವರ ಅನ್ನುವ ದಂಡನಾಯಕ ಮಾಡಿಸಿದ್ದು. ರಾಜ್ಯಕ್ಕಾಗಿ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಅಂತ ಎದುರುಬದುರಾದ ಅಣ್ಣತಮ್ಮಂದಿರನ್ನು ಒಂದೇ ಬಾಗಿಲಿನ ಎರಡು ಪಕ್ಕ ನಿಲ್ಲಿಸಿದ್ದಾರಲ್ಲ, ನನಗಂತೂ ಮೇಲಿನ ದೊಡ್ಡ ಮೂರ್ತಿಯಷ್ಟೇ ಇಷ್ಟವಾಗುವ ಜಾಗ ಇದು. ಒಂದು ಸಲ ಕೈ ಮುಗಿದು ಹೋಗಿ, ಇವೂ ದೇವರೇ. ಮೇಲೆ ಆತುಕೊಂಡು ಫೋಟೋ ತೆಗೆಸಿಕೊಳ್ಳಬೇಡಿ.

ಹತ್ತಿರದಲ್ಲೇ ಸಿದ್ಧರ ಗುಂಡು ಅನ್ನುವ ದೊಡ್ಡ ಬಂಡೆ ಇದೆ, ಮೈಮೇಲೆ ಶಾಸನ ಕೆತ್ತಿದ್ದಾರೆ. ಹಳಗನ್ನಡ ಓದಲು ಬರದಿದ್ದರೂ ಅಕ್ಷರದ ಆಕಾರ ನೋಡಿ. ಮಕ್ಕಳಿದ್ದರೆ ಈಗಿನ ಕನ್ನಡಕ್ಕೆ ಹೋಲುವ ಅಕ್ಷರ ಹುಡುಕಲು ಹೇಳಿ, ಸುಸ್ತು ಮರೆಯುತ್ತಾರೆ.

ಇನ್ನು ಗೊಮ್ಮಟನ ಹತ್ತಿರ ಆರಾಮಾಗಿ ಹೋಗಿ. ಇಳಿಯುವಾಗ ಹುಷಾರು, ಮೆಟ್ಟಿಲು ಸವೆದು ನುಣ್ಣಗಾಗಿವೆ, ಮಳೆ ಬಿದ್ದಿದ್ದರಂತೂ ಕಂಬಿ ಬಿಡಲೇಬೇಡಿ. ಸೆಲ್ಫಿ ಎಲ್ಲಾ ಕೆಳಗೆ ಹೋದ ಮೇಲೆ.