ಕಾಣದ ಬಾಲ ಬಿಡಿಸಿದೆ, ಕಂಡ ಮಂಜು ಅಳಿಸಿದೆ

ಗದಗಿನಲ್ಲಿ ನನ್ನದು ಪ್ರಿಂಟಿಂಗ್ ಪ್ರೆಸ್ಸಿನ ಕೆಲಸ. ಮದುವೆ ಕಾರ್ಡು, ಬಿಲ್ ಬುಕ್ಕು, ಜಾತ್ರೆಯ ಹ್ಯಾಂಡ್‌ಬಿಲ್ಲು. ಕಟಿಂಗ್ ಮಷಿನ್ ಕೆಳಗೆ ಬೀಳುವ ಮ್ಯಾಪ್‌ಲಿಥೋ ತುಂಡುಗಳನ್ನು ಕೂಡಿಸಿ ನನಗೇ ಅಂತ ನೂರು ಫಾರ್ಮು ಹೊಡೆದುಕೊಂಡಿದ್ದೇನೆ. ನಡುವೆ ಹತ್ತು ಸೆಂಟಿಮೀಟರ್ ಅಗಲದ ವೃತ್ತ. ಕೆಳಗೆ ತಾರೀಖು, ವೇಳೆ, ಜಾಗ, ಬೈನಾಕ್ಯುಲರ್, ಆಕಾಶ ಹೇಗಿತ್ತು ಅಂತ ಐದು ಗೆರೆ. ಧೂಮಕೇತು ಬಂದಾಗ ಮಾತ್ರ ಈ ಕಟ್ಟು ಬಿಚ್ಚುತ್ತೇನೆ. ಇಲ್ಲಿವರೆಗೆ ಖರ್ಚಾಗಿರುವುದು ಹತ್ತೊಂಬತ್ತು ಹಾಳೆ, ಅಷ್ಟೇ.

ಇಪ್ಪತ್ತಾದರೂ ಆಗಬೇಕಿತ್ತು. 2020ರ ಜುಲೈನಲ್ಲಿ ನಿಯೋವೈಸ್ ಅನ್ನುವ ಧೂಮಕೇತು ಬಂದಾಗ ಬರಿಗಣ್ಣಿಗೇ ಕಾಣುತ್ತದೆ ಅಂತ ಎಲ್ಲರೂ ಹೇಳಿದರು. ಸಂಜೆ ವಾಯವ್ಯಕ್ಕೆ ನೋಡಬೇಕಿತ್ತು. ಮಳೆಗಾಲ ಅಲ್ವಾ? ದಿನಾ ಮಾಳಿಗೆ ಹತ್ತಿದೆ, ಮೋಡ ನೋಡಿ ಇಳಿದೆ.

ಮುಂದೆ ಸಿಕ್ಕಿದ್ದು ಝಡ್‌ಟಿಎಫ್ ಅನ್ನುವ ಧೂಮಕೇತು. 2023ರ ಫೆಬ್ರವರಿ 1ಕ್ಕೆ ಭೂಮಿಯಿಂದ ಸುಮಾರು 4.2 ಕೋಟಿ ಕಿಲೋಮೀಟರ್ ದೂರದಲ್ಲಿತ್ತು. ಪೇಪರಿನಲ್ಲಿ 'ಹಸಿರು ಧೂಮಕೇತು' ಅಂತ ದೊಡ್ಡ ಫೋಟೋ ಬಂತು. 5ರಂದು ಹುಣ್ಣಿಮೆ, ಬೆಳದಿಂಗಳಲ್ಲಿ ಇಂಥದ್ದು ಕಾಣುವುದಿಲ್ಲ. ಹಾಗಾಗಿ 10ರ ಶುಕ್ರವಾರದವರೆಗೆ ಕಾಯ್ದೆ. ಅವತ್ತು ಚಂದ್ರ ಏಳುವುದು ಹತ್ತು ಗಂಟೆ ದಾಟಿದ ಮೇಲೆ. ಅದೂ ಅಲ್ಲದೆ ಧೂಮಕೇತು ಮಂಗಳನ ಪಕ್ಕದಲ್ಲೇ ಹಾಯುವುದಿತ್ತು. ಹುಡುಕಾಟದ ತ್ರಾಸಿಲ್ಲ.

ಅಕ್ಕನ ಮನೆ ಡಂಬಳದಲ್ಲಿ. ಅಲ್ಲಿನ ದೊಡ್ಡಬಸಪ್ಪನ ಗುಡಿಯ ತಳವಿನ್ಯಾಸವೇ ನಕ್ಷತ್ರದ ಆಕಾರ. ಚುಕ್ಕಿ ನೋಡಲು ಇದಕ್ಕಿಂತ ಒಳ್ಳೆ ಊರು ಎಲ್ಲಿ ಸಿಗಬೇಕು? ಬಿಳಿಜೋಳ ಕೊಯ್ದು ಎರೆಹೊಲ ಖಾಲಿ ಇತ್ತು. ಮಂಗಳ ಸಂಜೆ ಏಳೂವರೆಗೆ ನೆತ್ತಿಯ ಮೇಲೇ ಇರುವುದರಿಂದ ನಿಂತು ನೋಡಿದರೆ ಕುತ್ತಿಗೆ ಹೋಗುತ್ತದೆ. ಕೌದಿ ಹಾಸಿಕೊಂಡು ಅಂಗಾತ ಮಲಗಿದೆ. ಪಕ್ಕದಲ್ಲಿ ಅಕ್ಕನ ಮಗಳು, ಆಗ ಎಂಟನೇ ಕ್ಲಾಸು.

ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಬ್ಯಾಟರಿಗೆ ಕೆಂಪು ಜಿಲೆಟಿನ್ ಕಾಗದ ಎರಡು ಮಡಿಕೆ ಸುತ್ತಿದ್ದೆ, ಮಂದ ಕೆಂಪು ಬೆಳಕು ಕಣ್ಣನ್ನು ಅಷ್ಟಾಗಿ ಕೆಡಿಸುವುದಿಲ್ಲ. ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳ ದೀಪ ಮಿಣುಕುತ್ತಿದ್ದವು, ಪುಣ್ಯಕ್ಕೆ ಅವೂ ಕೆಂಪು. ಇಪ್ಪತ್ತೈದು ನಿಮಿಷ ಆಗಿತ್ತೇನೋ, ಯಾರೋ ಬೈಕಿನವ ಡಿಮ್ ಮಾಡದೆ ಹೋದ. ಮತ್ತೆ ಮೊದಲಿಂದ ಶುರು.

ನನ್ನ ಬೈನಾಕ್ಯುಲರ್ 10×50, ಅಂದರೆ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ, 50 ಮಿಲಿಮೀಟರ್ ಲೆನ್ಸಿನದ್ದು. ಅದರಲ್ಲಿ ಒಮ್ಮೆಗೆ ಎಷ್ಟು ಆಕಾಶ ಕಾಣುತ್ತದೆ ಅನ್ನುವುದು ಮೊದಲು ಗೊತ್ತಿರಬೇಕು. ಇದನ್ನು ಮಾಳಿಗೆಯ ಮೇಲೆ ಅಳೆದಿದ್ದೆ. ಮಹಾವ್ಯಾಧನ ಸೊಂಟಪಟ್ಟಿಯಲ್ಲಿ ಮೂರು ಚುಕ್ಕಿ ಇವೆಯಲ್ಲ, ಅದರಲ್ಲಿ ಪಶ್ಚಿಮದ ತುದಿಯದ್ದು ಹೆಚ್ಚುಕಡಿಮೆ ಆಕಾಶದ ನಡುಗೆರೆಯ ಮೇಲೇ, ಅಂದರೆ ಭೂಮಧ್ಯರೇಖೆಗೆ ನೇರ ಮೇಲಿನ ಗೆರೆಯ ಮೇಲೇ ಇದೆ. ಬೈನಾಕ್ಯುಲರನ್ನು ಸ್ಟ್ಯಾಂಡಿಗೆ ಬಿಗಿದು, ಆ ಚುಕ್ಕಿ ಒಂದು ಅಂಚಿನಿಂದ ನಟ್ಟನಡುವೆ ಹಾಯ್ದು ಇನ್ನೊಂದು ಅಂಚಿಗೆ ಹೋಗಲು ಎಷ್ಟು ಹೊತ್ತು ಅಂತ ನೋಡಿದೆ. 26 ನಿಮಿಷ. ಆ ಗೆರೆಯ ಮೇಲಿನ ಚುಕ್ಕಿ ಒಂದು ಡಿಗ್ರಿ ಸರಿಯಲು ನಾಲ್ಕು ನಿಮಿಷ, ಅಂದರೆ ಆರೂವರೆ ಡಿಗ್ರಿ. ನನ್ನ ಹಾಳೆಯಲ್ಲಿ ಒಂದು ಡಿಗ್ರಿಗೆ ಒಂದೂವರೆ ಸೆಂಟಿಮೀಟರ್ ಬಂತು. ಚುಕ್ಕಿಗಳು ಯಾವ ಕಡೆ ಜಾರಿ ಹೊರಗೆ ಹೋಗುತ್ತವೋ ಅದು ಪಶ್ಚಿಮ. ವೃತ್ತದ ಆ ಅಂಚಿಗೆ 'ಪ' ಅಂತ ಬರೆದುಕೊಳ್ಳಬೇಕು. ಇಲ್ಲದಿದ್ದರೆ ಮರುದಿನ ಹಾಳೆ ಹೇಗೆ ಹಿಡಿಯಬೇಕು ಅನ್ನುವುದೇ ತಿಳಿಯುವುದಿಲ್ಲ.

ಮೊದಲು ಬಿಡಿಸಬೇಕಾದದ್ದು ಚುಕ್ಕಿಗಳನ್ನು, ಧೂಮಕೇತುವನ್ನಲ್ಲ. ಮಂಗಳನನ್ನು ಇಟ್ಟೆ, ಸುತ್ತಲಿನ ಎಂಟು ಚುಕ್ಕಿ ಇಟ್ಟೆ. ಮೂರು ಮೂರನ್ನು ಕೂಡಿಸಿ ತ್ರಿಕೋನ ಮಾಡಿಕೊಂಡರೆ ಜಾಗ ತಪ್ಪುವುದಿಲ್ಲ. ಆಮೇಲೆ ಧೂಮಕೇತು. ನೆಟ್ಟಗೆ ನೋಡಿದರೆ ಮಾಯ. ಸ್ವಲ್ಪ ಪಕ್ಕಕ್ಕೆ ನೋಡುತ್ತ ಓರೆಗಣ್ಣಿನಲ್ಲಿ ಹಿಡಿದರೆ ದುಂಡನೆಯ ಮಂಜು, ನಡುವೆ ಕೊಂಚ ಗಟ್ಟಿ. ಹತ್ತಿ ಹಿಂಜಿ ಇಟ್ಟಂತೆ. ಪೆನ್ಸಿಲಿನ ಪುಡಿ ಉದುರಿಸಿ, ಕಾಗದ ಸುತ್ತಿ ಮಾಡಿದ ಬತ್ತಿಯಿಂದ ಹಗುರಾಗಿ ತಿಕ್ಕಿದೆ. ಬೆರಳಿನಿಂದ ತಿಕ್ಕಬಾರದು, ಬೆವರಿಗೆ ಕಲೆ ಕೂರುತ್ತದೆ. ನಡುವಿನ ಭಾಗ ಎಷ್ಟು ಗಟ್ಟಿ ಅನ್ನುವುದಕ್ಕೆ ಸೊನ್ನೆಯಿಂದ ಒಂಬತ್ತರವರೆಗೆ ಅಂಕಿ ಕೊಡುವ ಪದ್ಧತಿ ಇದೆ. ಸೊನ್ನೆ ಅಂದರೆ ಬರೀ ಮಂಜು, ಒಂಬತ್ತು ಅಂದರೆ ಚುಕ್ಕಿಯಷ್ಟೇ ಚೂಪು. ನಾನು ನಾಲ್ಕು ಕೊಟ್ಟೆ.

ಕೊನೆಗೆ ಒಂದು ಚಂದದ ಬಾಲ ಎಳೆದೆ. ಎರಡು ಸೆಂಟಿಮೀಟರ್ ಉದ್ದ.

ಅಕ್ಕನ ಮಗಳು ಬೈನಾಕ್ಯುಲರ್ ಇಸಿದುಕೊಂಡು ಬಹಳ ಹೊತ್ತು ನೋಡಿದಳು. ಕೆಂಪು ಬೆಳಕಿನಲ್ಲಿ ಹಾಳೆ ನೋಡಿದಳು. "ಮಾಮಾ, ಬಾಲ ಎಲ್ಲೈತಿ? ನನಗ ಕಾಣವಲ್ದು."

ಕಣ್ಣು ಇನ್ನೂ ಹೊಂದಿಲ್ಲ ಬಿಡು ಅಂದೆ. ಆಮೇಲೆ ನಾನೇ ಮತ್ತೆ ನೋಡಿದೆ. ಅರ್ಧ ಗಂಟೆ ನೋಡಿದೆ. ಬಾಲ ಇರಲಿಲ್ಲ. ನಾನು ಎಳೆದದ್ದು ಪೇಪರಿನ ಫೋಟೋದಲ್ಲಿದ್ದ ಬಾಲವನ್ನು. ಸಾಲದ್ದಕ್ಕೆ ದಿಕ್ಕೂ ತಪ್ಪು. ಧೂಮಕೇತುವಿನ ಬಾಲ ಸೂರ್ಯನಿಂದ ಆಚೆಗೆ ಚಾಚುತ್ತದೆ. ಸೂರ್ಯ ಪಶ್ಚಿಮಕ್ಕೆ ಮುಳುಗಿದ್ದಾನೆ, ನನ್ನ ಬಾಲ ಸೀದಾ 'ಪ' ಕಡೆಗೇ ಮುಖ ಮಾಡಿದೆ! ಹಸಿರೂ ಅಷ್ಟೇ. ಕಾರ್ಬನ್ನಿನ ಎರಡೆರಡು ಪರಮಾಣು ಕೂಡಿದ ಅನಿಲಕ್ಕೆ ಬಿಸಿಲು ಬಿದ್ದು ಆ ಹಸಿರು ಹೊಳೆಯುತ್ತದೆ, ನಿಜ. ಆದರೆ ಇಷ್ಟು ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲ. ಕ್ಯಾಮೆರಾ ನಿಮಿಷಗಟ್ಟಲೆ ಬೆಳಕು ಕೂಡಿಸುತ್ತದೆ, ಕಣ್ಣು ಕೂಡಿಸುವುದಿಲ್ಲ. ನನಗೆ ಕಂಡದ್ದು ಬೂದಿ ಬಣ್ಣ.

ಬಾಲ ಅಳಿಸಿ, ಒಂಬತ್ತೂವರೆಗೆ ಎರಡನೇ ಹಾಳೆ ತೆಗೆದೆ. ಎರಡನ್ನೂ ಒಂದರ ಮೇಲೊಂದು ಇಟ್ಟು ಬ್ಯಾಟರಿ ಹಿಡಿದೆ. ಚುಕ್ಕಿಗಳು ಕೂಡಿದವು, ಮಂಜು ಕೂಡಲಿಲ್ಲ. ಒಂದೂವರೆ ಗಂಟೆಯಲ್ಲಿ ಸುಮಾರು ಮೂರು ಮಿಲಿಮೀಟರ್ ಸರಿದಿತ್ತು. ಪ್ರೆಸ್ಸಿನಲ್ಲಿ ಬಣ್ಣದ ರಿಜಿಸ್ಟ್ರೇಷನ್, ಅಂದರೆ ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂರುವುದು, ಇಷ್ಟು ತಪ್ಪಿದರೆ ಗಿರಾಕಿ ಮಾಲು ವಾಪಸ್ ಕಳಿಸುತ್ತಾನೆ. ಅವತ್ತು ಮಾತ್ರ ಆ ತಪ್ಪನ್ನು ನೋಡಿ ನೋಡಿ ಸಾಕಾಗಲಿಲ್ಲ.

ಅಕ್ಕನ ಅತ್ತೆಯವರು ಬಾಲಚಿಕ್ಕಿ ಮೂಡಿದರೆ ಊರಿಗೆ ಕೇಡು ಅನ್ನುತ್ತಿದ್ದವರು. ಅವರಿಗೂ ತೋರಿಸಿದೆ. "ಇಷ್ಟಕ್ಕ ಹೆದರತಿದ್ವೇನು ನಾವು?" ಅಂದು ಮಲಗಲು ಹೋದರು.

2024ರ ಅಕ್ಟೋಬರಿನಲ್ಲಿ ಬಂದ ತ್ಸುಚಿನ್‌ಶಾನ್-ಅಟ್ಲಾಸ್ ಮಾತ್ರ ನಿಜವಾದ ಬಾಲದ್ದು. ಸೆಪ್ಟೆಂಬರ್ 27ಕ್ಕೆ ಸೂರ್ಯನನ್ನು ಸುತ್ತಿ, ಅಕ್ಟೋಬರ್ 12ರ ಸುಮಾರಿಗೆ ಭೂಮಿಯಿಂದ ಏಳು ಕೋಟಿ ಕಿಲೋಮೀಟರ್ ದೂರದಲ್ಲಿ ಹಾಯ್ದು ಸಂಜೆ ಆಕಾಶಕ್ಕೆ ಬಂತು. ಮತ್ತೆ ಮೋಡ. 15ರಂದು ಏಳು ಗಂಟೆಗೆ ಪಶ್ಚಿಮದಲ್ಲಿ ಇಪ್ಪತ್ತು ನಿಮಿಷ ಸಂದು ಸಿಕ್ಕಿತು. ಎಡಗಡೆ ಬೆಳ್ಳಿ, ಬಲಗಡೆ ಕೆಳಗೆ ಮುಳುಗಲು ಹೊರಟ ಸ್ವಾತಿ, ನಡುವೆ ಇದು. ಬೆನ್ನ ಹಿಂದೆ ಹುಣ್ಣಿಮೆ ಸಮೀಪದ ಚಂದ್ರ ಇದ್ದರೂ ಬಾಲ ಬರಿಗಣ್ಣಿಗೇ ಕಂಡಿತು. ಕೈ ಚಾಚಿ ಮುಷ್ಟಿ ಹಿಡಿದರೆ ಅಗಲ ಹತ್ತು ಡಿಗ್ರಿ. ಬಾಲ ಅದರ ಅರ್ಧದಷ್ಟು.

ಬೈನಾಕ್ಯುಲರಿನಲ್ಲಿ ಅದರ ತಲೆಯ ಹತ್ತಿರವೇ ಇನ್ನೊಂದು ಚಿಕ್ಕ ದುಂಡು ಮಂಜು ಕಂಡಂತಾಯಿತು. ಬಿಡಿಸಿದೆ. ಕೂಡಲೇ ಡಂಬಳದ ಬಾಲ ನೆನಪಾಯಿತು. ಲೆನ್ಸಿಗೆ ಆವಿ ಹಿಡಿದಿರಬೇಕು, ಇಲ್ಲವೇ ನನ್ನ ಬತ್ತಿಯ ಕಲೆ ಇರಬೇಕು ಅಂತ ರಬ್ಬರ್ ತಗೊಂಡು ಅಳಿಸಿಬಿಟ್ಟೆ. ಅಷ್ಟರಲ್ಲಿ ಮೋಡ ಮುಚ್ಚಿತು.

ರಾತ್ರಿ ನಕ್ಷೆ ತೆಗೆದು ನೋಡುತ್ತೇನೆ, ಆ ಜಾಗದಲ್ಲಿ ಎಂ5 ಇದೆ. ಲಕ್ಷಗಟ್ಟಲೆ ನಕ್ಷತ್ರಗಳ ಗುಚ್ಛ, ಸುಮಾರು 25 ಸಾವಿರ ಜ್ಯೋತಿರ್ವರ್ಷ ದೂರ. ಪಕ್ಕದ ಧೂಮಕೇತುವಿನ ಬೆಳಕು ನಮಗೆ ಮುಟ್ಟಲು ನಾಲ್ಕೇ ನಿಮಿಷ. ತಮಾಷೆ ಅಂದರೆ, ಎಂ ಅನ್ನುವ ಆ ಪಟ್ಟಿ ಹುಟ್ಟಿದ್ದೇ ಇಂಥ ಗೊಂದಲದಿಂದ. ಫ್ರಾನ್ಸಿನ ಮೆಸಿಯೆ ಧೂಮಕೇತು ಹುಡುಕುವವ. ಧೂಮಕೇತು ಅಂತ ಮೋಸ ಮಾಡುವ ಮಂಜುಗಳನ್ನೆಲ್ಲ ಬರೆದಿಟ್ಟ. 1781ರ ಹೊತ್ತಿಗೆ ಆ ಪಟ್ಟಿಯಲ್ಲಿ 103 ಇದ್ದವು.

ಹಾಳೆಯಲ್ಲಿ ಅದನ್ನು ಮತ್ತೆ ಬಿಡಿಸಲಿಲ್ಲ. ನಕ್ಷೆ ನೋಡಿ ಬಿಡಿಸಿದರೆ ಪೇಪರ್ ನೋಡಿ ಬಾಲ ಎಳೆದ ಹಾಗೇ ಆಯಿತು. ರಬ್ಬರ್ ತಿಕ್ಕಿದ ಜಾಗ ಓರೆ ಬೆಳಕಿಗೆ ಹಿಡಿದರೆ ಇನ್ನೂ ಕಾಣುತ್ತದೆ. ಅದರ ಸುತ್ತ ನೀಲಿ ಬಾಲ್‌ಪೆನ್ನಿನಿಂದ ಗುಂಡು ಹಾಕಿ ಪಕ್ಕದಲ್ಲಿ ಬರೆದೆ: "7.05. ಇಲ್ಲಿ ಏನೋ ಕಂಡಿತ್ತು. ಅಳಿಸಿದ್ದು ನಾನೇ."

ಮರುದಿನ ಸಂಜೆ ಮಳೆ.