ಡಬಲ್ ಆಲ್ಬಮ್‌ಗೆ ರ್‍ಯಾಂಕ್ ಕೊಡೋದಾದರೆ ಮೂರನೇ ಮಗ್ಗುಲಿಂದ ಶುರು ಮಾಡಿ

ಹಳೇ ರಾಕ್ ಡಬಲ್ ಆಲ್ಬಮ್‌ಗಳಲ್ಲಿ ಯಾವುದು ದೊಡ್ಡದು ಅಂತ ಜಗಳ ಶುರುವಾದರೆ ಎಲ್ಲರೂ ಹಾಡುಗಳ ಹೆಸರು ಹೇಳುತ್ತಾರೆ. ನೀವು ಹಾಡು ಬಿಡಿ, ಮಗ್ಗುಲು ಎಣಿಸಿ. ಡಬಲ್ ಆಲ್ಬಮ್ ಅಂದರೆ ಎರಡು ಗ್ರಾಮಫೋನ್ ತಟ್ಟೆ, ನಾಲ್ಕು ಮಗ್ಗುಲು, ಒಂದೊಂದೂ ಸುಮಾರು 20 ನಿಮಿಷ. ಆಗಿನವರು ಹಾಡು ಜೋಡಿಸುತ್ತಿದ್ದದ್ದೇ ಆ ಲೆಕ್ಕದಲ್ಲಿ. ಮೊಬೈಲಿನಲ್ಲಿ ಇದು ಕಾಣುವುದಿಲ್ಲ. ಹಾಗಾಗಿ ಯಾವ ಹಾಡಿಗೆ ಮಗ್ಗುಲು ಮುಗಿಯುತ್ತದೆ ಅಂತ ಮೊದಲೇ ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಒಂದು ಮಗ್ಗುಲು ಕೇಳಿ, ಎದ್ದು ಹೋಗಿ ಕಾಫಿ ಮಾಡಿಕೊಳ್ಳಿ, ಆಮೇಲೆ 10ಕ್ಕೆ ಅಂಕ ಹಾಕಿ. ಸರಾಸರಿ ಮಾತ್ರ ತೆಗೆಯಬೇಡಿ. ನಾಲ್ಕರಲ್ಲಿ ಅತಿ ಕಡಿಮೆ ಅಂಕ ಯಾವುದೋ ಅದೇ ಆಲ್ಬಮ್‌ನ ಅಂಕ. ನಾನೂ ಮೊದಲು ಸರಾಸರಿ ತೆಗೆಯುತ್ತಿದ್ದೆ. ಪ್ರತಿ ಸಲ ಬೀಟಲ್ಸ್‌ನ 1968ರ 'ವೈಟ್ ಆಲ್ಬಮ್' ಗೆಲ್ಲುತ್ತಿತ್ತು. ಆದರೆ ಅದರ ನಾಲ್ಕನೇ ಮಗ್ಗುಲಲ್ಲಿ ಎಂಟು ನಿಮಿಷ ದಾಟುವ 'ರೆವಲ್ಯೂಷನ್ 9' ಬಂದರೆ ನನ್ನ ಕೈ ತಾನಾಗಿ ಮುಳ್ಳಿನ ಕಡೆ ಹೋಗುತ್ತದೆ. ಈ ಆಲ್ಬಮನ್ನು ಒಂದೇ ತಟ್ಟೆಗೆ ಇಳಿಸಬೇಕು ಅನ್ನುವುದು ಬೀಟಲ್ಸ್ ನಿರ್ಮಾಪಕ ಜಾರ್ಜ್ ಮಾರ್ಟಿನ್ ಆಸೆಯೂ ಆಗಿತ್ತು. ಸುಮ್ನೆ ಹೇಳಿದ್ದಲ್ಲ ಅವರು.

ಮೂರನೇ ಮಗ್ಗುಲಿಂದಲೇ ಯಾಕೆ? ಮೊದಲನೆಯದರಲ್ಲಿ ಒಳ್ಳೆ ಸರಕು ಅಂಗಡಿ ಮುಂದೆ ನೇತುಹಾಕಿರುತ್ತಾರೆ. ಕೊನೆಯದಕ್ಕೆ ಮಂಗಳ ಹಾಡಲೇಬೇಕು. ಮಿಕ್ಕಿದ್ದನ್ನು ತುರುಕುವ ಜಾಗ ಮೂರನೆಯದೇ. ಪಿಂಕ್ ಫ್ಲಾಯ್ಡ್‌ನ 'ದಿ ವಾಲ್' ಇಲ್ಲಿ ಬೆರಗು ಹುಟ್ಟಿಸುತ್ತದೆ: 'ಹೇ ಯೂ'ನಿಂದ ಹೊರಟು 'ಕಂಫರ್ಟಬ್ಲಿ ನಂಬ್'ಗೆ ನಿಲ್ಲುತ್ತದೆ. ನನ್ನ ಲೆಕ್ಕದಲ್ಲಿ 9. ಆದರೆ ನಾಲ್ಕನೇ ಮಗ್ಗುಲಲ್ಲಿ ಹಾಡಿಗಿಂತ ನಾಟಕವೇ ಜಾಸ್ತಿ, 6.

ಲೆಡ್ ಜೆಪ್ಲಿನ್‌ನ 'ಫಿಸಿಕಲ್ ಗ್ರಾಫಿಟಿ'ಯದು (1975) ಬೇರೆ ಕಥೆ. ಹೊಸದಾಗಿ ಮಾಡಿದ್ದು ಎಂಟೇ ಹಾಡು. ಅವು ಒಂದು ತಟ್ಟೆಗೆ ಜಾಸ್ತಿ, ಎರಡಕ್ಕೆ ಕಮ್ಮಿ. ಹಿಂದಿನ ಆಲ್ಬಮ್‌ಗಳಲ್ಲಿ ಉಳಿದಿದ್ದ ಏಳನ್ನು ಸೇರಿಸಿದರು. ಮೂರು ಮಗ್ಗುಲು ಮದುವೆ ಊಟ, ನಾಲ್ಕನೆಯದು ಮಾರನೇ ಬೆಳಿಗ್ಗೆಯ ಚಿತ್ರಾನ್ನ. ಚಿತ್ರಾನ್ನ ನನಗೆ ಇಷ್ಟವೇ, ಅದಕ್ಕೇ 7.

ಬಾಬ್ ಡಿಲನ್‌ನ 'ಬ್ಲಾಂಡ್ ಆನ್ ಬ್ಲಾಂಡ್'ನಲ್ಲಿ ನಾಲ್ಕನೇ ಮಗ್ಗುಲಿಗೆ ಒಂದೇ ಹಾಡು, 11 ನಿಮಿಷದ ಮೇಲೆ. ಅಂಕ ಕಳೆಯಬೇಡಿ, ಪೂರ್ತಿ ಕೂತು ಕೇಳಿ.

ನನ್ನ ಪಟ್ಟಿಯಲ್ಲಿ ಮೊದಲನೆಯದು ರೋಲಿಂಗ್ ಸ್ಟೋನ್ಸ್‌ನ 'ಎಕ್ಸೈಲ್ ಆನ್ ಮೇನ್ ಸ್ಟ್ರೀಟ್' (1972). ಬ್ರಿಟನ್ನಿನ ತೆರಿಗೆಗೆ ಹೆದರಿ ಫ್ರಾನ್ಸ್‌ಗೆ ಓಡಿದವರು, ತಮ್ಮ ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಬಾಡಿಗೆಗೆ ಹಿಡಿದಿದ್ದ ಬಂಗಲೆಯ ನೆಲಮಾಳಿಗೆಯಲ್ಲಿ, ಸೆಕೆಗೆ ಗಿಟಾರ್ ಶ್ರುತಿ ನಿಲ್ಲದ ಜಾಗದಲ್ಲಿ ಇದರ ಬಹುಪಾಲು ನುಡಿಸಿದರು. 18 ಹಾಡು. ಮೂರನೇ ಮಗ್ಗುಲು ಕೀತ್ ಹಾಡಿದ 'ಹ್ಯಾಪಿ'ಯಿಂದ ಶುರು. ಯಾವ ಮಗ್ಗುಲೂ 8ಕ್ಕಿಂತ ಕೆಳಗಿಳಿಯುವುದಿಲ್ಲ.

ಅನುಮಾನ ಇದ್ದರೆ ನಿಮ್ಮ ತಟ್ಟೆಗಳನ್ನೇ ಬೆಳಕಿಗೆ ಹಿಡಿದು ನೋಡಿ. ನನ್ನ 'ವೈಟ್ ಆಲ್ಬಮ್'ನ ನಾಲ್ಕನೇ ಮಗ್ಗುಲು ಇನ್ನೂ ಹೊಸದರ ಹಾಗೆ ಮಿನುಗುತ್ತದೆ. 'ಎಕ್ಸೈಲ್'ನ ನಾಲ್ಕೂ ಕೇಳಿ ಕೇಳಿ ಸವೆದು ಒಗ್ಗರಣೆ ಹಾಕಿದ ಹಾಗೆ ಚಟಪಟ ಅನ್ನುತ್ತವೆ.